ಓದುಗರ ಗಾಡಿ ಪ್ರಶ್ನೆ: ದೋಣಿ ಟ್ರೈಲರ್ ಮೂತಿ ಎತ್ತಿದ್ರೆ ಏನ್ಮಾಡ್ಬೇಕು?

ಪ್ರಶ್ನೆ: ನಂದು ಬೊಲೆರೊ. ಮೀನು ಹಿಡಿಯೋಕೆ ಅಂತ ಮಂಗಳೂರು ಕಡೆಯಿಂದ 14 ಅಡಿ ಫೈಬರ್ ದೋಣಿ ಸೆಕೆಂಡ್ ಹ್ಯಾಂಡ್ ತಂದಿದೀನಿ, ದೋಣಿ ಹಿಂದೆ ಹೊರಗಡೆ ಸಿಗಿಸೋ 25 ಎಚ್‌ಪಿ ಔಟ್‌ಬೋರ್ಡ್ ಇಂಜಿನ್ ಇದೆ, ಟ್ರೈಲರ್ ಒಂದೇ ಆಕ್ಸಲ್‌ದು. ಕುಣಿಗಲ್‌ನಿಂದ ಮಾರ್ಕೋನಹಳ್ಳಿ ಡ್ಯಾಂ ಕಡೆ ಎಳ್ಕೊಂಡು ಹೋಗುವಾಗ ಟ್ರೈಲರ್ ಮೂತಿ ಮೇಲಕ್ಕೆ ಎತ್ಕೊಂಡೇ ಇರುತ್ತೆ, ಊರೊಳಗಿನ ಹಂಪ್ ಹತ್ತಿ ಇಳಿಯುವಾಗ ಇಂಜಿನ್ ಕಾಲು ರೋಡಿಗೆ ಉಜ್ಜುತ್ತೆ, ಹೈವೇಲಿ 60 ದಾಟಿದ್ರೆ ಹಿಂದುಗಡೆ ಬಾಲ ಆಡಿಸೋಕೆ ಶುರು. ಒಬ್ರು ಮುಂದೆ ಮರಳು ಚೀಲ ಹಾಕು ಅಂತಾರೆ, ಇನ್ನೊಬ್ರು ಟ್ರೈಲರ್‌ಗೆ ದೊಡ್ಡ ಟೈರ್ ಹಾಕು ಅಂತಾರೆ. ಯಾವ್ದು ಸರಿ? — ಓದುಗರೊಬ್ಬರು, ಕುಣಿಗಲ್

ಉತ್ತರ: ಎರಡೂ ಬೇಡ. ಮೊದ್ಲು ಒಂದು ಮಾತು, ಇದು ಸರಿ ಆಗೋ ತನಕ ಎನ್‌ಎಚ್ 75ಕ್ಕೆ ಆ ಟ್ರೈಲರ್ ಹತ್ತಿಸಲೇಬೇಡಿ. ಬಾಲ ಆಡಿಸೋದು ಅಂದ್ರೆ ಚಿಕ್ಕ ವಿಷ್ಯ ಅಲ್ಲ, ಒಂದು ಸ್ಪೀಡ್ ದಾಟಿದ ಮೇಲೆ ಅದು ತಾನೇ ಜಾಸ್ತಿ ಆಗ್ತಾ ಹೋಗಿ ಬೊಲೆರೊನೂ ಎಳ್ಕೊಂಡು ಪಲ್ಟಿ ಹೊಡಿಸುತ್ತೆ. ಅಕಸ್ಮಾತ್ ಓಡ್ತಿರುವಾಗ ಶುರುವಾದ್ರೆ ಬ್ರೇಕ್ ಜೋರಾಗಿ ಒತ್ತಬೇಡಿ, ಸ್ಟೇರಿಂಗ್ ಆಕಡೆ ಈಕಡೆ ತಿರುಗಿಸಿ ಸರಿ ಮಾಡೋಕೂ ಹೋಗ್ಬೇಡಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೇರಿಂಗ್ ನೇರಕ್ಕೆ ಗಟ್ಟಿಯಾಗಿ ಹಿಡ್ಕೊಂಡ್ರೆ ಸ್ಪೀಡ್ ಇಳೀತಿದ್ದ ಹಾಗೆ ನಿಲ್ಲುತ್ತೆ.

ನಿಮ್ಮ ಟ್ರೈಲರ್‌ಗೆ ಇರೋದು ಎರಡು ಕಾಯಿಲೆ, ನೋಡೋಕೆ ಒಂದೇ ಥರ ಕಾಣ್ತಿದೆ ಅಷ್ಟೆ. ಒಂದು ಎತ್ತರದ್ದು, ಬೊಲೆರೊ ಬಾಲ್ (ಟ್ರೈಲರ್ ಸಿಗಿಸೋಕೆ ಗಾಡಿ ಹಿಂದೆ ಇರೋ ಕಬ್ಬಿಣದ ಗುಂಡು) ಮೇಲಿದೆ, ಟ್ರೈಲರ್ ಕಪ್ಲರ್ (ಆ ಗುಂಡಿನ ಮೇಲೆ ಕೂರೋ ಮೂತಿಯ ಬಟ್ಟಲು) ಕೆಳಗಿದೆ. ಇನ್ನೊಂದು ಭಾರದ್ದು, ದೋಣಿ ಹಿಂಭಾರ ಆಗಿದೆ. ಎತ್ತಿನ ಗಾಡಿ ತುಂಬಿದವರಿಗೆ ಇದು ಹೇಳ್ಬೇಕಾಗಿಲ್ಲ, ಹಿಂಭಾರ ಆದ್ರೆ ನೊಗ ಮೇಲೆದ್ದು ಎತ್ತಿನ ಕತ್ತು ಬಿಗಿಯುತ್ತೆ, ಮುಂಭಾರ ಆದ್ರೆ ಎತ್ತು ಬಗ್ಗುತ್ತೆ, ಅದಕ್ಕೇ ಮೂಟೆ ಸರಿಸಿ ಸರಿಸಿ ತೂಗಿಸ್ತಿದ್ರು. ಎತ್ತರದ ಕಾಯಿಲೆಗೆ ಡ್ರಾಪ್ ಪ್ಲೇಟ್, ಅಂದ್ರೆ ಬಾಲ್ ಕೆಳಗಿಳಿಸೋ ಪ್ಲೇಟ್ ಮದ್ದು, ಭಾರದ ಕಾಯಿಲೆಗೆ ದೋಣಿ ಸರಿಸೋದು ಮದ್ದು, ಇದನ್ನ ಅದಕ್ಕೆ ಅದನ್ನ ಇದಕ್ಕೆ ಕೊಟ್ರೆ ವಾಸಿಯಾಗಲ್ಲ. ಮರಳು ಚೀಲ ಹಾಕಿದ್ರೆ ಬೊಲೆರೊ ಹಿಂಭಾಗ ಒಂದಿಷ್ಟು ಕುಗ್ಗಿ ಮೂತಿ ಇಳಿದ ಹಾಗೆ ಕಾಣುತ್ತೆ, ಸುಮ್ನೆ 50 ಕೆ.ಜಿ. ಎಕ್ಸ್‌ಟ್ರಾ ಎಳೀತೀರ. ದೊಡ್ಡ ಟೈರ್ ಹಾಕಿದ್ರೆ ದೋಣಿನೂ ಮೇಲೆ ಏರುತ್ತೆ, ತಿರುವಲ್ಲಿ ವಾಲೋದು ಜಾಸ್ತಿ.

ಎತ್ತರ ಮೊದ್ಲು. ಯೂರೋಪ್ ಕಡೆ ಲೋಡ್ ಇರುವಾಗ ಬಾಲ್ ಮಧ್ಯ ನೆಲದಿಂದ 35ರಿಂದ 42 ಸೆಂ.ಮೀ. ಒಳಗೆ ಇರ್ಬೇಕು ಅಂತ ನಿಯಮವೇ ಇದೆ, ಆ ಅಳತೆ ನೋಡ್ಕೊಂಡು ಮಾಡಿದ ಚಿಕ್ಕ ಚಕ್ರದ ಟ್ರೈಲರ್‌ನ ಎತ್ತರದ ಛಾಸಿ ಇರೋ ಬೊಲೆರೊಗೆ ಹಾಗೇ ಸಿಗಿಸಿದ್ರೆ ಮೂತಿ ಎತ್ತದೆ ಇನ್ನೇನಾಗುತ್ತೆ. ಅಳೆಯೋದು ಹೀಗೆ. ಸಮತಟ್ಟಾದ ಸಿಮೆಂಟ್ ನೆಲ ಹುಡುಕಿ, ಮಣ್ಣು ನೆಲದ ಮೇಲೆ ಅಳೆದ ಅಳತೆ ನಂಬಬೇಡಿ. ದೋಣಿ, ಇಂಜಿನ್, ಪೆಟ್ರೋಲ್ ಟ್ಯಾಂಕು, ಬಲೆ, ಐಸ್ ಬಾಕ್ಸು ಎಲ್ಲಾ ನೀವು ದಿನಾ ಒಯ್ಯೋ ಹಾಗೇ ತುಂಬಿ, ಟ್ರೈಲರ್ ಚಕ್ರಕ್ಕೆ ಕಲ್ಲು ಕೊಟ್ಟು, ಮೂತಿ ಕೆಳಗೆ ಜಾಕ್ ಇಟ್ಟು, ಫ್ರೇಮ್ ಮೇಲೆ ಗಾರೆಯವರ ರಸಮಟ್ಟ ಇಟ್ಟು ಗುಳ್ಳೆ ನಡುವೆ ನಿಲ್ಲೋವರೆಗೂ ಏರಿಸಿ ಇಳಿಸಿ. ಈಗ ನೆಲದಿಂದ ಕಪ್ಲರ್ ಒಳಗಿನ ಬಟ್ಟಲ ಮೇಲ್ತುದಿಗೆ ಟೇಪ್ ಹಿಡೀರಿ, 44 ಸೆಂ.ಮೀ. ಬಂತು ಅಂತಿಟ್ಕೊಳ್ಳಿ. ಆಮೇಲೆ ಬೊಲೆರೊ ಕಡೆ ಬನ್ನಿ, ಯಾವಾಗ್ಲೂ ಎಷ್ಟು ಜನ ಕೂರ್ತಾರೋ ಅಷ್ಟು ಜನ ಕೂರಿಸಿ, ಹಿಂಬಾಗಿಲ ಅಂಚಲ್ಲಿ ಒಂದು ಸಿಮೆಂಟ್ ಚೀಲ ಇಡಿ. ಚೀಲ ಯಾಕೆ ಅಂದ್ರೆ ಅದು 50 ಕೆ.ಜಿ., ನಿಮ್ಮ ಟ್ರೈಲರ್ ಬಾಲ್ ಮೇಲೆ ಹೆಚ್ಚು ಕಮ್ಮಿ ಅಷ್ಟೇ ಕೂರೋದು, ಟ್ರೈಲರ್ ಸಿಗಿಸಿದಾಗ ಬ್ಲೇಡ್ ಸೆಟ್ (ಹಿಂದಿನ ಪಟ್ಟಿ ಸ್ಪ್ರಿಂಗ್) ಎಷ್ಟು ಕುಗ್ಗುತ್ತೋ ಅದು ಈಗಲೇ ಅಳತೆಗೆ ಸಿಗುತ್ತೆ. ಖಾಲಿ ಗಾಡೀಲಿ ಅಳೆದು ಪ್ಲೇಟ್ ಮಾಡಿಸಿದ್ರೆ ಆಮೇಲೆ ಮೂತಿ ತಗ್ಗುತ್ತೆ. ಬಾಲ್ ತುದಿ 56 ಬಂತು ಅಂದ್ರೆ 56ರಲ್ಲಿ 44 ಕಳೆದು 12 ಸೆಂ.ಮೀ. ಕೆಳಗಿಳಿಸೋ ಡ್ರಾಪ್ ಬೇಕು. ಒಂದೆರಡು ಸೆಂ.ಮೀ. ಮೂತಿ ತಗ್ಗಿದ್ರೆ ನಡೆಯುತ್ತೆ, ಎತ್ತಿರೋದು ಮಾತ್ರ ಬೇಡ.

ಡ್ರಾಪ್ ಪ್ಲೇಟ್ ಮಾಡಿಸುವಾಗ ದಯವಿಟ್ಟು ಗೇಟು ಗ್ರಿಲ್ಲು ಮಾಡೋ ಕಡೆ ಪಟ್ಟಿ ವೆಲ್ಡಿಂಗ್ ಹೊಡೆಸಿ ಬರಬೇಡಿ. ಬಾಲ್ ಕೆಳಗೆ ಹೋದಷ್ಟೂ ಮೇಲಿನ ಬೋಲ್ಟುಗಳ ಮೇಲೆ ತಿರುಚೋ ಬಲ ಜಾಸ್ತಿ, ಪ್ರತಿ ಬ್ರೇಕಿಗೂ ಪ್ರತಿ ಹಂಪಿಗೂ ಅದು ಆಡ್ತಾ ಇರುತ್ತೆ. ಸಾಲಾಗಿ ತೂತಿರೋ ಅಡ್ಜಸ್ಟಬಲ್ ಪ್ಲೇಟ್ ಸಿಗುತ್ತೆ, ಅದನ್ನ ಛಾಸಿಗೆ ಕಟ್ಟಿರೋ ಹಿಚ್‌ಗೆ (ಟ್ರೈಲರ್ ಎಳೆಯೋ ಕೊಂಡಿಗೆ) 8.8 ಗ್ರೇಡ್ ಅಥವಾ ಅದಕ್ಕಿಂತ ಮೇಲಿನ ಹೈ ಟೆನ್ಸೈಲ್ ಬೋಲ್ಟಲ್ಲಿ ಬಿಗೀರಿ. ಬಂಪರ್‌ಗೆ ಕಟ್ಟಿದ್ದು ಹಿಚ್ ಅಲ್ಲ.

ಈಗ ಭಾರ, ನಿಮ್ಮ ಬಾಲ ಆಡೋದಕ್ಕೆ ನಿಜವಾದ ಕಾರಣ ಬಹುಶಃ ಇದೇ. 25 ಎಚ್‌ಪಿ ಇಂಜಿನ್ ಹತ್ತಿರ ಹತ್ತಿರ 50 ಕೆ.ಜಿ. ಇರುತ್ತೆ, ಅಷ್ಟೂ ದೋಣಿಯ ಕಟ್ಟಕಡೇಲಿ ನೇತಾಡ್ತಿದೆ. ಟ್ರೈಲರ್ ದೋಣಿ ಎಲ್ಲಾ ಸೇರಿ 480 ಕೆ.ಜಿ. ಇದ್ರೆ ಬಾಲ್ ಮೇಲೆ ಅದರಲ್ಲಿ ನೂರಕ್ಕೆ 8ರಿಂದ 10 ಪಾಲು, ಅಂದ್ರೆ 38ರಿಂದ 48 ಕೆ.ಜಿ. ಕೂರ್ಬೇಕು. ನೋಡೋಕೆ ಮನೇಲಿ ತೂಕ ನೋಡೋ ಮಷೀನೇ ಸಾಕು. ವೇ ಬ್ರಿಡ್ಜ್‌ಗೆ ಹೋಗ್ಬೇಡಿ, ಲಾರಿ ತೂಗೋ ಕಾಟಾದಲ್ಲಿ ಐದು ಹತ್ತು ಕೆ.ಜಿ. ಆಚೀಚೆ ಗೊತ್ತೇ ಆಗಲ್ಲ, ನಮಗೆ ಇಲ್ಲಿ ಅಷ್ಟೇ ಮುಖ್ಯ. ಮಷೀನ್ ಮೇಲೆ ಗಟ್ಟಿ ಮರದ ತುಂಡು ನಿಲ್ಲಿಸಿ ಅದರ ಮೇಲೆ ಕಪ್ಲರ್ ಕೂರಿಸಿ, ರೋಡಲ್ಲಿ ಹೋಗುವಾಗ ಎಷ್ಟು ಎತ್ತರದಲ್ಲಿರುತ್ತೋ ಅಷ್ಟೇ ಎತ್ತರಕ್ಕೆ ಬರ್ಲಿ.

20 ಕೆ.ಜಿ. ತೋರಿಸ್ತಾ? ಹಾಗಾದ್ರೆ ವಿಂಚ್ ಕಂಬದ (ದೋಣಿ ಎಳೆಯೋ ರಾಟೆ ಇರೋ ಮುಂದಿನ ಕಂಬ) ಯು ಬೋಲ್ಟ್ ಸಡಿಲಿಸಿ ಕಂಬ ಮುಂದಕ್ಕೆ ಸರಿಸಿ ದೋಣಿನ ಅದಕ್ಕೆ ತಾಗೋವರೆಗೂ ಎಳೀರಿ. ಲೆಕ್ಕ ಸುಲಭ, ಇಂಜಿನ್ ಸಮೇತ ದೋಣಿ 280 ಕೆ.ಜಿ., ಆಕ್ಸಲ್‌ನಿಂದ ಕಪ್ಲರ್‌ಗೆ 3.5 ಮೀಟರ್ ಅಂದ್ರೆ ದೋಣಿ 10 ಸೆಂ.ಮೀ. ಮುಂದೆ ಬಂದ್ರೆ ಬಾಲ್ ಮೇಲೆ 8 ಕೆ.ಜಿ. ಏರುತ್ತೆ. ನಿಮಗೆ ಬೇಕಾಗಿರೋದು ಸುಮಾರು 30 ಸೆಂ.ಮೀ. ಆದ್ರೆ ದೋಣಿ ಹಿಂಬದಿಯ ಹಲಗೆ ಕೆಳಗೆ ಟ್ರೈಲರ್ ಆಧಾರ ಇರ್ಲೇಬೇಕು, ಇಂಜಿನ್ ಭಾರ ಹೊರೋದು ಅಲ್ಲೇ, ಮುಂದೆ ಸರಿಸಿದ ಮೇಲೆ ಆಧಾರ ಆ ಹಲಗೆಯ ಕೆಳಗೇ ಇದೆಯಾ ಕೈಯಾಡಿಸಿ ನೋಡಿ. ಹಿಂಬದಿ ನೇತಾಡೋ ಹಾಗಿದ್ರೆ ದೋಣಿ ಅಲ್ಲೇ ಬಿಟ್ಟು ಆಕ್ಸಲ್‌ನೇ ಹಿಂದಕ್ಕೆ ಸರಿಸಬೇಕು.

ಇನ್ನೊಂದು, ಇದನ್ನ ತುಂಬಾ ಜನ ಬಿಡ್ತಾರೆ. ದೋಣಿ ತಳದಲ್ಲಿ ನೀರು. ಎರಡು ಬಿಂದಿಗೆಯಷ್ಟು ಅಂದ್ಕೊಂಡಿರೋದು ಹಲಗೆ ಎತ್ತಿ ನೋಡಿದ್ರೆ 40 ಲೀಟರ್ ಇರುತ್ತೆ, ಅದು 40 ಕೆ.ಜಿ., ಮೂತಿ ಎತ್ತಿದ ದೋಣೀಲಿ ಅಷ್ಟೂ ಹಿಂದಕ್ಕೆ ಹರಿದು ಇಂಜಿನ್ ಬುಡದಲ್ಲಿ ನಿಲ್ಲುತ್ತೆ. ಆಕ್ಸಲ್‌ನಿಂದ 1.2 ಮೀಟರ್ ಹಿಂದೆ ನಿಂತ್ರೆ ಬಾಲ್ ಮೇಲಿಂದ 14 ಕೆ.ಜಿ. ಕಿತ್ಕೊಳ್ಳುತ್ತೆ. ದೋಣಿ ನೀರಿಂದ ಮೇಲೆ ಬಂದ ತಕ್ಷಣ ಡ್ರೈನ್ ಪ್ಲಗ್ ತೆಗೀರಿ, ಪೂರ್ತಿ ಬಸಿದ ಮೇಲೆ ಹೊರಡಿ, ವಾಪಸ್ ನೀರಿಗೆ ಬಿಡೋ ಮುಂಚೆ ಪ್ಲಗ್ ಹಾಕಿ.

ಪ್ರಶ್ನೆ: ನಂದು ಉಲ್ಟಾ. ಸ್ಕಾರ್ಪಿಯೋಗೆ ದೋಣಿ ಟ್ರೈಲರ್ ಸಿಗಿಸಿದ್ರೆ ಹಿಂದೆ ಕೂತ್ಕೊಂಡ್ಬಿಡುತ್ತೆ, ರಾತ್ರಿ ಎದುರಿನವರೆಲ್ಲಾ ಡಿಪ್ಪರ್ ಹೊಡೀತಾರೆ. ಸ್ಪ್ರಿಂಗ್ ಒಳಗೆ ಗಾಡಿ ಎತ್ತೋಕೆ ಗಾಳಿ ತುಂಬೋ ಏರ್ ಬ್ಯಾಗ್ ಹಾಕಿಸ್ಲಾ? — ಚಿಕ್ಕಬಳ್ಳಾಪುರದಿಂದ

ಉತ್ತರ: ತೂಕ ನೋಡದೆ ದುಡ್ಡು ಖರ್ಚು ಮಾಡ್ಬೇಡಿ. ಬಾಲ್ ಮೇಲೆ 80 ಕೆ.ಜಿ. ಕೂತಿದೆ ಅನ್ನಿ, ಬಾಲ್ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹೊರಗಿದ್ರೆ, 2.68 ಮೀಟರ್ ವೀಲ್‌ಬೇಸ್‌ಗೆ ಹಿಂದಿನ ಚಕ್ರಗಳ ಮೇಲೆ ಬೀಳೋದು ಸುಮಾರು 116 ಕೆ.ಜಿ., ಯಾಕಂದ್ರೆ ಮುಂದಿನ ಚಕ್ರಗಳಿಂದ 36 ಕೆ.ಜಿ. ಎತ್ತಿಬಿಟ್ಟಿರುತ್ತೆ. ಸ್ಟೇರಿಂಗ್ ಹಗುರ ಅನ್ಸೋದು, ಹೆಡ್‌ಲೈಟ್ ಮರದ ಕೊಂಬೆಗೆ ಬೀಳೋದು ಅದಕ್ಕೇ. ಏರ್ ಬ್ಯಾಗ್ ಹಿಂದೆ ಎತ್ತಿ ಮಟ್ಟ ಮಾಡುತ್ತೆ, ಲೈಟ್ ಸರಿಯಾಗುತ್ತೆ, ಆದ್ರೆ ಮುಂದಿನ ಚಕ್ರಕ್ಕೆ ಆ 36 ಕೆ.ಜಿ. ವಾಪಸ್ ಕೊಡಲ್ಲ. ಮೊದ್ಲು ಮೇಲೆ ಹೇಳಿದ ಹಾಗೆ ತೂಗಿ, ನೂರಕ್ಕೆ 10ಕ್ಕಿಂತ ಜಾಸ್ತಿ ಇದ್ರೆ ದೋಣಿ ಹಿಂದಕ್ಕೆ ಸರಿಸಿ, ಡಿಕ್ಕಿಯಲ್ಲಿರೋ ಸಾಮಾನು ಹಿಂದಿನ ಸೀಟಿಗೆ ಬರ್ಲಿ. ಭಾರ ಸರಿಯಿದ್ದೂ ಸ್ಪ್ರಿಂಗ್ ಹಳೇದಾಗಿ ಕುಗ್ಗಿದ್ರೆ ಆಗ ಸ್ಪ್ರಿಂಗ್ ಬದಲಾಯಿಸಿ. ಭಾರನ ಮುಂದಿನ ಚಕ್ರಕ್ಕೆ ಹಂಚೋ ಸರಳಿನ ಹಿಚ್‌ಗಳು ದೊಡ್ಡ ಟ್ರೈಲರ್‌ಗೆ ಸರಿ, ದೋಣಿ ಟ್ರೈಲರ್‌ಗಳಲ್ಲಿ ಬರೋ ತಳ್ಳುಬಲದ ಬ್ರೇಕ್ (ಗಾಡಿ ನಿಧಾನಿಸಿದಾಗ ಟ್ರೈಲರ್ ಮುಂದಕ್ಕೆ ತಳ್ಳೋ ಬಲದಿಂದ್ಲೇ ಹಿಡಿಯೋ ಬ್ರೇಕ್) ಜೊತೆ ಎಲ್ಲವೂ ಹೊಂದಲ್ಲ, ನಿಮ್ಮ ಸೈಜಿಗೆ ಬೇಕಾಗೋದೂ ಇಲ್ಲ.

ಪ್ರಶ್ನೆ: ಕಪ್ಲರ್ ಮೇಲೆ 2 ಇಂಚು ಅಂತಿದೆ, ಸಿಕ್ಕಿರೋ ಬಾಲ್ 50 ಮಿ.ಮೀ. ಎರಡೂ ಒಂದೇ ತಾನೆ? — ಕೋಲಾರದಿಂದ

ಉತ್ತರ: ಅಲ್ಲ. 2 ಇಂಚು ಅಂದ್ರೆ 50.8 ಮಿ.ಮೀ. ಮುಕ್ಕಾಲು ಮಿ.ಮೀ.ಗಿಂತ ಜಾಸ್ತಿ ಆಟ ಬಿಟ್ಟು ಮುಳಬಾಗಿಲು ರೋಡಲ್ಲಿ ಓಡಿಸಿದ್ರೆ ಬಡಿದೂ ಬಡಿದೂ ಸವೆದು ಲಾಕ್ ಬಿಡೋ ಅಪಾಯ ಇದೆ. ಕಪ್ಲರ್ ಮೇಲೆ ಏನು ಕೊರೆದಿದ್ಯೋ ಅದೇ ಬಾಲ್ ಹಾಕಿ. ಲಾಕ್ ಮಾಡಿದ ಮೇಲೆ ಟ್ರೈಲರ್ ಜಾಕ್ ತಿರುಗಿಸಿ ಮೇಲೆತ್ತಿ ನೋಡಿ, ಗಾಡಿಯ ಹಿಂಭಾಗ ಜೊತೇಲೇ ಏಳಬೇಕು, ಕಪ್ಲರ್ ಒಂದೇ ಮೇಲೆ ಬಂದ್ರೆ ಲಾಕ್ ಕೂತಿಲ್ಲ ಅಂತ ಅರ್ಥ. ಸೇಫ್ಟಿ ಚೈನ್ ಎರಡನ್ನೂ ಕಪ್ಲರ್ ಕೆಳಗೆ ಅಡ್ಡಡ್ಡ ಹಾಕಿ, ಬಾಲ್ ಕಳಚಿದ್ರೂ ಮೂತಿ ರೋಡಿಗೆ ಚುಚ್ಚಲ್ಲ.

ಪ್ರಶ್ನೆ: ಟ್ರೈಲರ್‌ಗೆ ಬೇರೆ ರಿಜಿಸ್ಟ್ರೇಷನ್ ಬೇಕಾ? — ತುಮಕೂರಿನಿಂದ

ಉತ್ತರ: ಬೇಕು. ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನವೇ. ದೋಣಿ ಇಂಜಿನ್ ಅಡ್ಡ ಬಂದು ನಂಬರ್ ಪ್ಲೇಟು, ಬ್ರೇಕ್ ಲೈಟು ಕಾಣಲ್ಲ ಅಂದ್ರೆ ಒಂದು ಹಲಗೆಗೆ ಎರಡನ್ನೂ ಕಟ್ಟಿ ಇಂಜಿನ್ ಹಿಂದೆ ನೇತುಹಾಕಿ, ನೀರಿಗೆ ಇಳಿಸೋ ಮುಂಚೆ ಬಿಚ್ಚಿ ಗಾಡಿಯೊಳಗೆ ಇಟ್ಕೊಳ್ಳಿ.