ಕೇಳಿ, ಹೇಳುತ್ತೇವೆ: ಅಭಿಮಾನಿ ಪತ್ರಿಕೆಗಳ ಅಚ್ಚುಕೆಲಸ

ಪ್ರಶ್ನೆ: ಸೈನ್ಸ್ ಫಿಕ್ಷನ್ ಅಭಿಮಾನಿಗಳು ಹೊರತರುತ್ತಿದ್ದ ಅಮೆರಿಕದ ಹಳೆಯ ಫ್ಯಾನ್‌ಝೀನ್‌ಗಳ ಸ್ಕ್ಯಾನ್ ನೋಡಿದೆ. ಕೆಲವು ನೇರಳೆ ಬಣ್ಣದಲ್ಲಿ ಮಾಸಿಹೋಗಿವೆ, ಕೆಲವು ಒರಟು ಕಾಗದದ ಮೇಲೆ ಕಪ್ಪಗೆ ಗಟ್ಟಿಯಾಗಿ ಉಳಿದಿವೆ. ಏಕೆ ಹೀಗೆ? (ಧಾರವಾಡ)

ಉತ್ತರ: ಯಂತ್ರ ಬೇರೆ, ಶಾಯಿಯೂ ಬೇರೆ. ಮೊದಲ ಫ್ಯಾನ್‌ಝೀನ್ ಎಂದು ಸಾಮಾನ್ಯವಾಗಿ ಎಣಿಸುವ 'ದಿ ಕಾಮೆಟ್' ಷಿಕಾಗೊದಿಂದ 1930ರ ಮೇ ತಿಂಗಳಲ್ಲಿ ಹೊರಬಂತು. ಆಗಿನಿಂದ ಝೆರಾಕ್ಸ್ ಅಗ್ಗವಾಗುವವರೆಗೂ ಈ ಮಂದಿ ಬಳಸಿದ್ದು ಮುಖ್ಯವಾಗಿ ಮೂರು ವಿಧಾನ.

ಹೆಕ್ಟೋಗ್ರಾಫ್ ಅಂದರೆ ಒಂದು ತಟ್ಟೆ, ಅದರ ತುಂಬ ಜೆಲಾಟಿನ್ ಮತ್ತು ಗ್ಲಿಸರಿನ್ ಸೇರಿಸಿ ಹೆಪ್ಪುಗಟ್ಟಿಸಿದ ಪದರ. ಅನಿಲಿನ್ ಬಣ್ಣದ ಶಾಯಿಯಲ್ಲಿ ಬರೆದ ಮೂಲಪುಟವನ್ನು ಅದರ ಮೇಲೆ ಮಗುಚಿ ಕೆಲವು ನಿಮಿಷ ಒತ್ತಿಟ್ಟರೆ ಬಣ್ಣ ಜೆಲಾಟಿನ್‌ಗೆ ಇಳಿಯುತ್ತದೆ. ಆಮೇಲೆ ಖಾಲಿ ಹಾಳೆಗಳನ್ನು ಒಂದೊಂದಾಗಿ ಹಾಸಿ, ಸವರಿ, ಎತ್ತುವುದು. ಪ್ರತಿ ಹಾಳೆಯೂ ಸ್ವಲ್ಪ ಬಣ್ಣ ಕೊಂಡೊಯ್ಯುವುದರಿಂದ 50ರ ಸುಮಾರಿಗೆ ಅಕ್ಷರ ಮಂಕಾಗುತ್ತದೆ. ನೇರಳೆ ಬಣ್ಣಕ್ಕೆ ಶಕ್ತಿ ಹೆಚ್ಚು, ಹಾಗಾಗಿ ಎಲ್ಲೆಲ್ಲೂ ಅದೇ. ಸ್ಪಿರಿಟ್ ಡೂಪ್ಲಿಕೇಟರ್‌ನಲ್ಲೂ ಬಣ್ಣ ಇದೇ ಜಾತಿಯದು. ಆದರೆ ಅಲ್ಲಿ ಮೂಲಪುಟದ ಹಿಂಬದಿಯ ಮೇಣದ ಕಾರ್ಬನ್ನನ್ನು ಆಲ್ಕೋಹಾಲ್‌ನಿಂದ ತೇವವಾದ ಹಾಳೆ ಕರಗಿಸಿಕೊಳ್ಳುತ್ತದೆ. ನೂರರ ಮೇಲೆ ಪ್ರತಿ ತೆಗೆಯಬಹುದು. ಇವೆರಡೂ ಬೆಳಕಿಗೆ ಮಾಸುವ ಬಣ್ಣಗಳು. ನೀವು ಕಂಡದ್ದು ಅದೇ.

ಕಪ್ಪಗಿರುವುದು ಮಿಮಿಯೋಗ್ರಾಫ್, ನಮ್ಮ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದ ಸೈಕ್ಲೋಸ್ಟೈಲ್‌ನ ಅಣ್ಣತಮ್ಮ. ಮೇಣ ಬಳಿದ ತೆಳು ಸ್ಟೆನ್ಸಿಲ್ ಹಾಳೆಯ ಮೇಲೆ ರಿಬ್ಬನ್ ಇಲ್ಲದೆ ಟೈಪ್ ಮಾಡಿದರೆ ಅಕ್ಷರ ಬಿದ್ದಲ್ಲಿ ಲೇಪ ಸರಿಯುತ್ತದೆ, ಶಾಯಿ ಅಲ್ಲಿಂದ ತೂರುತ್ತದೆ. ಜೋರಾಗಿ ಕುಟ್ಟಿದರೆ ಇಂಗ್ಲಿಷಿನ 'ಒ' ಅಕ್ಷರದ ನಡುಭಾಗ ಕಳಚಿ ಬಿದ್ದು ಕಪ್ಪು ಮಚ್ಚೆ ಬರುತ್ತದೆ. (ಕನ್ನಡದ ಸೊನ್ನೆಗೂ ಅದೇ ಗತಿ.) ತಪ್ಪಾದರೆ ತಿದ್ದುವ ದ್ರವ ಬಳಿದು, ಒಣಗಿಸಿ, ಮೆಲ್ಲಗೆ ಮತ್ತೆ ಟೈಪ್ ಮಾಡಬೇಕು. ಶಾಯಿ ಎಣ್ಣೆಯದು; ಆವಿಯಾಗಿ ಒಣಗುವುದಿಲ್ಲ, ಕಾಗದಕ್ಕೆ ಇಂಗುತ್ತದೆ. ಅದಕ್ಕೇ ಆ ಒರಟು ಕಾಗದ. ನುಣುಪು ಕಾಗದಕ್ಕೆ ಹಾಕಿದರೆ ಮೇಲೆ ಬಿದ್ದ ಹಾಳೆಯ ಬೆನ್ನಿಗೆ ಮಸಿ ಅಂಟುತ್ತದೆ, ಹಾಳೆ ಹಾಳೆಯ ನಡುವೆ ರದ್ದಿ ಕಾಗದ ಇಡಬೇಕಾಗುತ್ತದೆ. ಇಂಗಾಲದ ಕಪ್ಪು ಮಾಸದು. ಆದರೆ ಅಗ್ಗದ ಕಾಗದ ಆಮ್ಲದಿಂದ ಹಪ್ಪಳದಂತಾಗುತ್ತದೆ. ಅಂತೂ ಒಂದರಲ್ಲಿ ಅಕ್ಷರ ಹೋಗುತ್ತದೆ, ಇನ್ನೊಂದರಲ್ಲಿ ಹಾಳೆ.

ಪ್ರಶ್ನೆ: ಅಂಥ ಪತ್ರಿಕೆಗಳಲ್ಲಿ ಬೆಲೆಯ ಜಾಗದಲ್ಲಿ 'ದಿ ಯೂಷುವಲ್' ಎಂದಿರುತ್ತದೆ. ಏನರ್ಥ? (ಮೈಸೂರು)

ಉತ್ತರ: ದುಡ್ಡು ಬೇಡ, 'ಎಂದಿನಂತೆ' ಕೊಟ್ಟರೆ ಸಾಕು ಎಂದು. ನಿಮ್ಮ ಪತ್ರಿಕೆ ಕಳಿಸಿ, ಇಲ್ಲವೇ ಲೇಖನವನ್ನೋ ಚಿತ್ರವನ್ನೋ ಕಳಿಸಿ, ಅದೂ ಆಗದಿದ್ದರೆ ಹಿಂದಿನ ಸಂಚಿಕೆಯ ಬಗ್ಗೆ ಪತ್ರ ಬರೆಯಿರಿ. ಇನ್ನೊಂದು ಪದ್ಧತಿ ಕೂಟದ್ದು. ಅಮೆರಿಕದ ಅಭಿಮಾನಿ ಡೊನಾಲ್ಡ್ ವೊಲ್‌ಹೈಮ್ 1937ರಲ್ಲಿ ಆರಂಭಿಸಿದ ಫಾಪಾ ಎಂಬ ಕೂಟದಲ್ಲಿ ಪ್ರತಿ ಸದಸ್ಯನೂ ತನ್ನ ಪತ್ರಿಕೆಯ ಅಷ್ಟೂ ಪ್ರತಿಗಳನ್ನು ಒಬ್ಬ ಸಂಪಾದಕನಿಗೆ ಕಳಿಸುತ್ತಿದ್ದ. ಆತ ಎಲ್ಲರದನ್ನೂ ಜೋಡಿಸಿ ಮೂರು ತಿಂಗಳಿಗೊಮ್ಮೆ ಒಂದೊಂದು ಕಟ್ಟನ್ನು ಅಂಚೆಗೆ ಹಾಕುತ್ತಿದ್ದ. ಓದುಗರೆಲ್ಲ ಪ್ರಕಾಶಕರೇ.

ಪ್ರಶ್ನೆ: ನಾವು ಗೆಳೆಯರು 32 ಪುಟದ ವೈಜ್ಞಾನಿಕ ಕಥೆಗಳ ಪತ್ರಿಕೆಯನ್ನು ಎ5 ಅಳತೆಯಲ್ಲಿ 60 ಪ್ರತಿ ತೆಗೆಸಿದೆವು. ಅರ್ಧ ಪುಟಗಳು ತಲೆಕೆಳಗಾದವು, ನಡುವಿನ ಪುಟಗಳ ಅಂಚು ಕತ್ತರಿಸಿಹೋಯಿತು, ಮುಖಪುಟ ಮಡಿಕೆಯಲ್ಲಿ ಬಿರುಕುಬಿಟ್ಟಿತು. (ಶಿವಮೊಗ್ಗ)

ಉತ್ತರ: ಮೂರಕ್ಕೂ ಬೇರೆ ಬೇರೆ ಕಾರಣ. ಎ4 ಹಾಳೆಯನ್ನು ಅಡ್ಡ ಇಟ್ಟು ಎರಡು ಬದಿ ಮುದ್ರಿಸುವಾಗ ಪ್ರಿಂಟರ್‌ನಲ್ಲಿ 'ಶಾರ್ಟ್ ಎಡ್ಜ್' ಎಂದು ಆರಿಸಬೇಕು. 'ಲಾಂಗ್ ಎಡ್ಜ್' ಇದ್ದರೆ ಹಿಂಬದಿ ತಲೆಕೆಳಗೇ ಬರುವುದು. ಪುಟ ಜೋಡಣೆ ಸರಿಯಿದೆಯೇ ಎಂದು ನೋಡಲು ಅಕ್ಕಪಕ್ಕದ ಪುಟಸಂಖ್ಯೆ ಕೂಡಿಸಿ: 32 ಮತ್ತು 1, 2 ಮತ್ತು 31, ಹೀಗೆ ಪ್ರತಿ ಜೋಡಿಯೂ 33 ಆಗಬೇಕು. ಪುಟಗಳ ಒಟ್ಟು ಲೆಕ್ಕ ಯಾವಾಗಲೂ ನಾಲ್ಕರಿಂದ ಭಾಗವಾಗಲಿ.

ಎಂಟು ಹಾಳೆ ಒಂದರೊಳಗೊಂದು ಮಡಚಿದಾಗ ಒಳಗಿನದು ಹೊರಗಿನದಕ್ಕಿಂತ ಮುಂದಕ್ಕೆ ಚಾಚುತ್ತದೆ. 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ) ಕಾಗದದಲ್ಲಿ ಇದು ಸುಮಾರು ಮುಕ್ಕಾಲು ಮಿಲಿಮೀಟರ್, ದಪ್ಪ ರಕ್ಷಾಪುಟವಿದ್ದರೆ ಇನ್ನೂ ಜಾಸ್ತಿ. ಕಟಿಂಗ್ ಮೆಷಿನ್ ಎಲ್ಲವನ್ನೂ ಒಂದೇ ಗೆರೆಯಲ್ಲಿ ಕತ್ತರಿಸುವುದರಿಂದ ಪೆಟ್ಟು ನಡುವಿನ ಪುಟಗಳಿಗೇ. ಹೊರ ಅಂಚು 12 ಮಿಲಿಮೀಟರ್‌ಗಿಂತ ಕಡಿಮೆ ಬಿಡಬೇಡಿ, ಪುಟಸಂಖ್ಯೆಯನ್ನು ಮೂಲೆಗೆ ತಳ್ಳಬೇಡಿ.

ಬಿರುಕಿಗೆ ಕಾರಣ ಕಾಗದದ ನಾರು. ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಓಡುತ್ತದೆ, ಎ5ಗೆ ಮಡಚಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ಮಡಚುವ ಮೊದಲು ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಇಟ್ಟು ಗೀರು ಹಾಕಿ. ಮಡಿಕೆಯ ಜಾಗದಲ್ಲಿ ಗಾಢ ಬಣ್ಣ ಬೇಡ, ಟೋನರ್ ಉದುರುತ್ತದೆ. ಪಿನ್ ಎರಡು, ಮೇಲಿನಿಂದ ಮತ್ತು ಕೆಳಗಿನಿಂದ ಸುಮಾರು 5 ಸೆಂಟಿಮೀಟರ್ ಬಿಟ್ಟು, ಹೊರಗಿನಿಂದ ಒಳಕ್ಕೆ. ಉದ್ದ ತೋಳಿನ ಸ್ಟೇಪ್ಲರ್ ಇಲ್ಲದಿದ್ದರೆ ಮಾಮೂಲಿ ಸ್ಟೇಪ್ಲರ್ ಬಿಡಿಸಿ ಥರ್ಮೋಕೋಲ್ ಮೇಲೆ ಹೊಡೆದು, ಕಾಲುಗಳನ್ನು ಬೆರಳಲ್ಲಲ್ಲ, ಚಮಚದ ಹಿಡಿಯಿಂದ ಮಡಚಿ.

ಒಳಪುಟಗಳಿಗೆ ಲೆಕ್ಕದಂತೆ 480 ಹಾಳೆ. 500ರ ಒಂದೇ ಬಂಡಲ್ ತಂದು ಕೂತರೆ ಹಾಳಾಗಲು ಉಳಿಯುವುದು 20 ಮಾತ್ರ, ಎರಡು ತನ್ನಿ.

ಪ್ರಶ್ನೆ: ಲೇಖಕರು ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ಯುನಿಕೋಡ್‌ಗೆ ತಿರುಗಿಸಿದರೆ 'ಸೂರ್ಯ', 'ಅರ್ಥ' ಕೆಡುತ್ತವೆ. (ಉಡುಪಿ)

ಉತ್ತರ: ಹಳೆಯ ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು. ಪರಿವರ್ತಕ ಅದನ್ನು ಹಿಂದೆ ಸರಿಸುವಾಗ ಎಡವುತ್ತದೆ. ಅರ್ಕಾವತ್ತಿನ ಪದಗಳನ್ನೇ ಹುಡುಕಿ ಕರಡು ತಿದ್ದಿ. ಸಾಲಿನ ಅಂತರವನ್ನೂ ನೋಡಿಕೊಳ್ಳಿ: 11 ಪಾಯಿಂಟ್ ಅಕ್ಷರಕ್ಕೆ 16 ಇರಲಿ. ಇಂಗ್ಲಿಷಿನ ಅಳತೆಯಲ್ಲಿ 13 ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ.