ಎದೆಯ ಗಾಯಕ್ಕೆ ತೊಡೆಸಂದಿನ ದಾರಿ

ಪ್ರಶ್ನೆ: ಎರಡು ತಿಂಗಳ ಹಿಂದೆ ನಮ್ಮಣ್ಣನ ಕಾರು ಹೈವೇಲಿ ನಿಂತಿದ್ದ ಲಾರಿಗೆ ಗುದ್ದಿತು. ಎದೆಯ ದೊಡ್ಡ ರಕ್ತನಾಳ ಹರಿದಿದೆ ಎಂದರು ಡಾಕ್ಟರು. ಆದರೆ ಮೊದಲು ಹೊಟ್ಟೆಯ ಆಪರೇಷನ್ ಮಾಡಿ, ರಕ್ತನಾಳಕ್ಕೆ ಮರುದಿನ ಕೈ ಹಾಕಿದರು. ಅದೂ ಎದೆ ಕೊಯ್ಯದೆ, ತೊಡೆಸಂದಿನಿಂದ! ಹರಿದದ್ದು ನಿಜವಾದರೆ ಒಂದು ದಿನ ಕಾದದ್ದು ಹೇಗೆ? ಊರವರು ಅರ್ಧಂಬರ್ಧ ಕೆಲಸ ಅಂತಿದ್ದಾರೆ.
– ಓದುಗರೊಬ್ಬರು, ಹಾವೇರಿ

ಉತ್ತರ: ಊರವರ ಮಾತು ಬಿಡಿ. ನಿಮ್ಮಣ್ಣನಿಗೆ ಆಗಿರುವುದು ಈಗಿನ ಸರಿಯಾದ ಚಿಕಿತ್ಸೆಯೇ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅಂದರೆ ಅಯೋರ್ಟಾ, ಮೊದಲು ಕಮಾನಿನ ಹಾಗೆ ಬಾಗಿ, ಆಮೇಲೆ ಬೆನ್ನುಮೂಳೆಗೆ ಅಂಟಿಕೊಂಡು ಕೆಳಗಿಳಿಯುತ್ತದೆ. ಕಮಾನಿನ ಭಾಗ ಸ್ವಲ್ಪ ಅಲುಗಾಡುತ್ತದೆ, ಕೆಳಗಿನದು ಅಲುಗಾಡುವುದಿಲ್ಲ. ಗೋಡೆಗೆ ಕ್ಲಾಂಪ್ ಹೊಡೆದ ಪೈಪನ್ನು ಜೋರಾಗಿ ಎಳೆದಾಡಿ ನೋಡಿ, ಬಿರುಕು ಬಿಡೋದು ಕ್ಲಾಂಪಿನ ಪಕ್ಕದಲ್ಲೇ ಅಲ್ವಾ? ಗಾಡಿ ಗಕ್ಕನೆ ನಿಂತಾಗ ಇಲ್ಲೂ ಅದೇ ಆಗುತ್ತದೆ: ಎಡಗೈಗೆ ಹೋಗುವ ನಾಳ ಕವಲೊಡೆಯುವ ಜಾಗದ ಸ್ವಲ್ಪ ಕೆಳಗೆ ಹರಿಯುತ್ತದೆ. ಪೂರ್ತಿ ಹರಿದವರು ಬಹುಪಾಲು ಆಸ್ಪತ್ರೆ ತಲುಪುವುದೇ ಇಲ್ಲ. ತಲುಪಿದವರಲ್ಲಿ ಒಳಪದರ ಹರಿದರೂ ಹೊರಪದರ ತಡೆದು ಹಿಡಿದಿರುತ್ತದೆ, ಒಳಗೆ ಸೀಳಿದ ಟಯರು ಹೊರಗೆ ಗುಳ್ಳೆಯ ಹಾಗೆ ಉಬ್ಬುವಂತೆ. ಆ ಗುಳ್ಳೆ ಒಡೆಯದಂತೆ ಬಿಪಿಯನ್ನೂ ಎದೆಬಡಿತವನ್ನೂ ಔಷಧಿಯಿಂದ ಕೆಳಗೇ ಇಟ್ಟು, ಅಷ್ಟರಲ್ಲಿ ಹೊಟ್ಟೆಯಲ್ಲಿ ಸೋರುತ್ತಿದ್ದ ರಕ್ತ ನಿಲ್ಲಿಸಿದ್ದಾರೆ. ಅವರು ಸುಮ್ನೆ ಕಾಯಲಿಲ್ಲ.

ಇನ್ನು ತೊಡೆಸಂದು. ಮೊದಲೆಲ್ಲ ಎದೆಯ ಎಡಪಕ್ಕ ಕೊಯ್ದು, ಒಂದು ಶ್ವಾಸಕೋಶ ಕುಗ್ಗಿಸಿ, ಅಯೋರ್ಟಾವನ್ನೇ ಕ್ಲಾಂಪಿನಿಂದ ಹಿಸುಕಿ ಹೊಲಿಯಬೇಕಿತ್ತು. ಆ ಹೊತ್ತಿನಲ್ಲಿ ಬೆನ್ನುಹುರಿಗೆ ರಕ್ತ ಸಾಲದೆ ಕೆಲವರ ಕಾಲುಗಳ ಶಕ್ತಿಯೇ ಹೋಗುತ್ತಿತ್ತು. ಈಗ ತೊಡೆಸಂದಿನ ನಾಳದಿಂದ ತಂತಿ ತೂರಿಸಿ, ಅದರ ಮೇಲೆ ಮಡಚಿಟ್ಟ ಸ್ಟೆಂಟ್ ಗ್ರಾಫ್ಟನ್ನು ಎದೆವರೆಗೆ ಏರಿಸುತ್ತಾರೆ. ಲೋಹದ ಬಲೆಗೆ ಬಟ್ಟೆ ಹೊದಿಸಿದ ಕೊಳವೆ ಅದು. ಎಕ್ಸ್-ರೇ ಪರದೆ ನೋಡುತ್ತಾ ಹರಿದ ಜಾಗದಲ್ಲಿ ಬಿಟ್ಟರೆ ಛತ್ರಿಯ ಹಾಗೆ ಬಿಚ್ಚಿಕೊಂಡು, ಗೋಡೆಗೆ ಒತ್ತಿ ಕೂರುತ್ತದೆ. ರಕ್ತ ಅದರೊಳಗೇ ಹರಿಯುತ್ತದೆ, ಗುಳ್ಳೆಗೆ ಒತ್ತಡ ತಾಗುವುದಿಲ್ಲ. ಎದೆಯಲ್ಲಿ ಇಂಥ ರಿಪೇರಿಯನ್ನು ಮೊದಲು ಮಾಡಿದವರು ಖಾರ್ಕಿವ್‌ನ ಸರ್ಜನ್ ನಿಕೊಲಾಯ್ ವೊಲೊಡೊಸ್, 1987ರಲ್ಲಿ. ಅವರ ಮುಂದಿದ್ದದ್ದೂ ಪೆಟ್ಟಿನಿಂದ ಉಬ್ಬಿದ ಅಯೋರ್ಟಾವೇ! ಆಗಿನ ಸೋವಿಯತ್ ಒಕ್ಕೂಟದಿಂದ ಹೊರಗೆ ಈ ಸುದ್ದಿ ಹೆಚ್ಚು ಜನರಿಗೆ ಗೊತ್ತಾಗಲಿಲ್ಲ, ಪಾಪ.

ಪ್ರಶ್ನೆ: ಈಗ ಅಣ್ಣ ಆರಾಮಿದ್ದಾನೆ, ಆದರೆ ಭಾರ ಎತ್ತಿದರೆ ಎಡಗೈ ಬೇಗ ಸೋಲುತ್ತೆ. ಸ್ಕ್ಯಾನ್‌ಗೆ ಕರೆದರೆ "ಖರ್ಚು ಜಾಸ್ತಿ, ನನಗೇನಾಗಿದೆ" ಅಂತಾನೆ.

ಉತ್ತರ: ಸ್ಕ್ಯಾನ್ ವಿಷಯದಲ್ಲಿ ಅಣ್ಣನ ಮಾತು ಕೇಳಬೇಡಿ. ಕೊಳವೆ ಜರುಗಿದರೂ, ಅಂಚಿನಲ್ಲಿ ರಕ್ತ ನುಸುಳಿದರೂ ಶುರುವಿನಲ್ಲಿ ನೋವಿರುವುದಿಲ್ಲ, ಸಿಟಿ ಸ್ಕ್ಯಾನ್‌ನಲ್ಲಿ ಮಾತ್ರ ಕಾಣುತ್ತದೆ. ಅದೂ ಅಲ್ಲದೆ ವಯಸ್ಸಾದಂತೆ ಅಯೋರ್ಟಾ ಅಗಲವಾಗುತ್ತದೆ, ಕೊಳವೆ ಅಗಲವಾಗುವುದಿಲ್ಲ. ಹಾಗಾಗಿ ಚಿಕ್ಕ ವಯಸ್ಸಿನವರಿಗೇ ಈ ತಪಾಸಣೆ ಹೆಚ್ಚು ಮುಖ್ಯ.

ಕೈ ಸೋಲುವುದಕ್ಕೆ ಒಂದು ಕಾರಣ ಇರಬಹುದು. ಕೊಳವೆ ಗಟ್ಟಿಯಾಗಿ ಕೂರಲು ಜಾಗ ಸಾಲದಿದ್ದಾಗ ಎಡಗೈಗೆ ಹೋಗುವ ನಾಳದ ಬಾಯಿಯನ್ನೇ ಮುಚ್ಚಬೇಕಾಗುತ್ತದೆ. ಆಗ ಕೈಗೆ ಕುತ್ತಿಗೆಯ ಬಳಸುದಾರಿಯಿಂದ ರಕ್ತ ಬರುತ್ತದೆ. ಬಹಳಷ್ಟು ಜನರಿಗೆ ಅಷ್ಟೇ ಸಾಕು. ಕೈ ತಣ್ಣಗಾದರೆ, ಸುಮ್ಮನೆ ಕೂತಾಗಲೂ ನೋವಿದ್ದರೆ, ಕೈ ಬಳಸಿದಾಗ ತಲೆ ತಿರುಗಿದರೆ ತಡ ಮಾಡದೆ ತೋರಿಸಿ, ಕುತ್ತಿಗೆಯ ನಾಳದಿಂದ ಬೈಪಾಸ್ ಮಾಡಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ಆ ನಾಳ ಮುಚ್ಚಿದ್ದಾರೆ ಎಂದು ಬರೆದಿದ್ದರೆ ಇನ್ನೊಂದು ಮಾತು: ಎಡಗೈಯಲ್ಲಿ ಬಿಪಿ ಸುಳ್ಳೇ ಕಡಿಮೆ ತೋರಿಸುತ್ತದೆ. ಊರಿನ ನರ್ಸಮ್ಮ ಪಟ್ಟಿ ಸುತ್ತಲು ಬಂದಾಗ ಬಲಗೈ ಚಾಚಲು ಹೇಳಿ.