ಟ್ಯಾಬ್ ಕಿತ್ತುಕೊಂಡರೆ ತಲೆ ಚಚ್ಚಿಕೊಳ್ಳುವ ಮಗು

ಪ್ರಶ್ನೆ: ಮಗನಿಗೆ ಆರು ವರ್ಷ, ಆಟಿಸಂ ಇದೆ. ಒಂದೆರಡು ಪದ ಬಿಟ್ಟರೆ ಮಾತಿಲ್ಲ. ಸಂಜೆ ಟ್ಯಾಬ್ ತೆಗೆದಿಟ್ಟು ಸ್ನಾನಕ್ಕೆ ಕರೆದರೆ ಕಿರುಚಿ ತಲೆಯನ್ನು ನೆಲಕ್ಕೆ ಚಚ್ಚಿಕೊಳ್ಳುತ್ತಾನೆ. ಟ್ಯಾಬ್ ಕೊಟ್ಟರೆ ತಕ್ಷಣ ಸುಮ್ಮನಾಗುತ್ತಾನೆ. ಮುದ್ದು ಜಾಸ್ತಿಯಾಗಿದೆ, ಎರಡು ಬಿಟ್ಟರೆ ಸರಿಹೋಗುತ್ತಾನೆ ಅನ್ನುತ್ತಾರೆ ಮನೆಯಲ್ಲಿ. ಏನು ಮಾಡಲಿ?

ಉತ್ತರ: ಹೊಡೆಯಬೇಡಿ. ಏಟಿನಿಂದ ಅವನಿಗೆ ಭಯ ಕಲಿಸಬಹುದು. ‘ಇನ್ನೂ ಸ್ವಲ್ಪ ಬೇಕು’ ಎಂದು ಹೇಳುವುದನ್ನು ಕಲಿಸಲಾಗದು. ಅವನಿಗೆ ಬಾರದಿರುವುದು ಅದೇ.

ಮೊದಲು ತೊಂದರೆ ಇರುವುದು ಟ್ಯಾಬ್ ಹೋಗುವುದರಲ್ಲೋ, ಸ್ನಾನದಲ್ಲೋ ನೋಡಿ. ಒಂದು ದಿನ ಟ್ಯಾಬ್ ತೆಗೆದು ಅವನಿಗಿಷ್ಟವಾದ ಉಯ್ಯಾಲೆಗೋ ಆಟಕ್ಕೋ ಕರೆಯಿರಿ. ಇನ್ನೊಂದು ದಿನ ಟ್ಯಾಬ್ ಕೈಯಲ್ಲಿಲ್ಲದ ಹೊತ್ತಿನಲ್ಲಿ ಸ್ನಾನಕ್ಕೆ ಕರೆಯಿರಿ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು, ಅದಕ್ಕೆ ಮುಂಚೆ ಏನಾಯಿತು, ಅವನೇನು ಮಾಡಿದ, ಎಷ್ಟು ನಿಮಿಷ, ಆಮೇಲೆ ನೀವೇನು ಮಾಡಿದಿರಿ ಎಂದು ಬರೆದಿಡಿ. ಹಿಂದಿನ ರಾತ್ರಿಯ ನಿದ್ದೆಯನ್ನೂ ಬರೆಯಿರಿ. ‘ಹಟ ಮಾಡಿದ’ ಎಂದು ಬರೆದರೆ ಏನೂ ತಿಳಿಯದು. ‘ಬಾತ್‌ರೂಮಿನ ಬಾಗಿಲಲ್ಲಿ ಕಿವಿ ಮುಚ್ಚಿಕೊಂಡ’ ಎಂದು ಬರೆದರೆ ಅರ್ಧ ಉತ್ತರ ಅಲ್ಲೇ ಇದೆ.

ಸ್ನಾನವೇ ಕಾರಣವಾದರೆ, ಶವರ್‌ನ ಹನಿ ಮೈಗೆ ಚುಚ್ಚಿದಂತಾಗುತ್ತಿರಬಹುದು, ಸದ್ದು ಗೋಡೆಗಳಿಗೆ ಬಡಿದು ಮೊಳಗುತ್ತಿರಬಹುದು, ಸೋಪಿನ ವಾಸನೆ ತಡೆಯಲಾಗದಿರಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲವಾದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಶವರ್ ಬದಲು ಮಗ್‌ನಲ್ಲಿ ಹೆಗಲಿಂದ ಕೆಳಗೆ ನೀರು ಹಾಕಿ. ತಲೆಗೆ ಹಾಕುವಾಗ ಒಣ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಳ್ಳಲು ಕೊಟ್ಟು, ಐದರವರೆಗೆ ಎಣಿಸಿ ನಿಲ್ಲಿಸಿ. ಎಣಿಕೆ ಮುಗಿದ ಮೇಲೂ ‘ಇನ್ನೊಂದೇ ಒಂದು’ ಎಂದು ಸುರಿದರೆ ಮರುದಿನ ಅವನು ನಿಮ್ಮ ಎಣಿಕೆಯನ್ನು ನಂಬುವುದಿಲ್ಲ.

ಟ್ಯಾಬ್ ಹೋಗುವುದೇ ಕಾರಣವಾದರೆ, ವಿಡಿಯೋ ಅರ್ಧದಲ್ಲಿ ನಿಲ್ಲಿಸಬೇಡಿ. ಮುಗಿಯುವ ಹಂತಕ್ಕೆ ಕಾಯಿರಿ. ‘ಐದು ನಿಮಿಷ’ ಎಂಬ ಮಾತು ಅವನಿಗೆ ಗಾಳಿಯಲ್ಲಿ ಹೋಗುತ್ತದೆ, ಮರಳುಗಡಿಯಾರ ಕಣ್ಣಿಗೆ ಕಾಣುತ್ತದೆ. ಒಂದು ರಟ್ಟಿನ ಎಡಕ್ಕೆ ಸ್ನಾನದ ಚಿತ್ರ, ಬಲಕ್ಕೆ ಟ್ಯಾಬ್‌ನ ಚಿತ್ರ ಅಂಟಿಸಿ, ಬೆರಳಿಟ್ಟು ‘ಮೊದಲು ಸ್ನಾನ, ಆಮೇಲೆ ಟ್ಯಾಬ್’ ಎಂದು ಒಮ್ಮೆ ಹೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಹೇಳಿದ್ದನ್ನೇ ಬೇರೆ ಬೇರೆ ಪದಗಳಲ್ಲಿ ಹೇಳುತ್ತಾ ಹೋದರೆ ಪ್ರತಿ ಸಲವೂ ಹೊಸದಾಗಿ ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಮೊದಲ ದಿನಗಳಲ್ಲಿ ಕಾಲು ತೊಳೆದು ಬಂದರೂ ಸ್ನಾನ ಎಂದೇ ಲೆಕ್ಕ, ಟ್ಯಾಬ್ ಕೊಡಿ.

ಜೊತೆಗೆ ‘ಇನ್ನೂ ಸ್ವಲ್ಪ’ ಎಂಬುದಕ್ಕೊಂದು ಚಿತ್ರದ ಕಾರ್ಡ್ ಮಾಡಿ. ಅವನು ಶಾಂತವಾಗಿರುವಾಗಲೇ ಕೈಹಿಡಿದು ಅದನ್ನು ನಿಮಗೆ ಕೊಡುವುದನ್ನು ಅಭ್ಯಾಸ ಮಾಡಿಸಿ. ಕಾರ್ಡ್ ಕೊಟ್ಟಾಗ ಅವನಿಗೆ ಎರಡು ನಿಮಿಷ ಟ್ಯಾಬ್ ಸಿಗಲೇಬೇಕು. ಈಗ ಅವನ ಬಳಿ ಕೆಲಸ ಮಾಡುವ ‘ಮಾತು’ ತಲೆ ಚಚ್ಚಿಕೊಳ್ಳುವುದು ಒಂದೇ. ಅದರಲ್ಲಿ ಕುತಂತ್ರವಿಲ್ಲ, ಫಲ ಸಿಕ್ಕಿದ್ದನ್ನು ಯಾರಾದರೂ ಮತ್ತೆ ಮಾಡುತ್ತಾರೆ. ಕಿರುಚಿದಾಗ ಟ್ಯಾಬ್ ಕೊಡುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಕಿರುಚಾಟ ಹೆಚ್ಚಬಹುದು. ಆಗ ಸೋತು ಕೊಟ್ಟರೆ, ಇನ್ನೂ ಜೋರಾಗಿ ಚಚ್ಚಿಕೊಂಡರೆ ಸಿಗುತ್ತದೆ ಎಂದು ನೀವೇ ಕಲಿಸಿದಂತೆ.

ಹಾಗೆಂದು ತಲೆ ಚಚ್ಚಿಕೊಳ್ಳುವುದನ್ನು ನೋಡುತ್ತಾ ಕೂರುವಂತಿಲ್ಲ. ತಲೆಗೂ ನೆಲಕ್ಕೂ ನಡುವೆ ದಿಂಬು ತಳ್ಳಿ, ದೀಪ ಮಂದ ಮಾಡಿ, ಬುದ್ಧಿವಾದ ಹೇಳದೆ ಹತ್ತಿರ ಕುಳಿತಿರಿ. ಆ ಹೊತ್ತಿನಲ್ಲಿ ಮಾತು ತಲೆಗೆ ಹೋಗುವುದಿಲ್ಲ.

ಇದು ಇತ್ತೀಚೆಗೆ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಮೇಲಿನದೆಲ್ಲ ಆಮೇಲೆ. ಮೊದಲು ವೈದ್ಯರಿಂದ ಕಿವಿ, ಹಲ್ಲು, ಮಲಬದ್ಧತೆ ಪರೀಕ್ಷೆ ಮಾಡಿಸಿ. ಹೇಳಲು ಬಾರದ ನೋವು ಹೀಗೆ ಹೊರಬರುವುದುಂಟು. ತಲೆಗೆ ಪೆಟ್ಟಾದ ಮೇಲೆ ವಾಂತಿ ಅಥವಾ ಮಂಪರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಆಟಿಸಂ ಇರುವ ಮಗಳು ಖುಷಿಯಾದಾಗ ಕೈಗಳನ್ನು ರೆಕ್ಕೆಯಂತೆ ಬಡಿಯುತ್ತಾ ಕುಣಿಯುತ್ತಾಳೆ. ಬಿಡಿಸಬೇಕೆ?

ಉತ್ತರ: ಬೇಡ. ಅವಳಿಗೂ ಬೇರೆಯವರಿಗೂ ಪೆಟ್ಟಾಗದಿದ್ದರೆ ಕುಣಿಯಲಿ ಬಿಡಿ. ಕೈ ಹಿಡಿದು ನಿಲ್ಲಿಸಿದರೆ ಖುಷಿಯನ್ನೇ ನಿಲ್ಲಿಸಿದ ಹಾಗೆ, ಅದೂ ಯಾರದೋ ಮುಜುಗರಕ್ಕಾಗಿ.